ಗಿಳಿ ಸಾಕುವ ಮುನ್ನ ತೆಂಗಿನ ತೋಟವನ್ನೊಮ್ಮೆ ನೋಡಿ

ಕಲ್ಪತರು ನಾಡೆಂದು ಹೆಸರಾದ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಸಂಚರಿಸುವವರಿಗೆ ತೋಟಗಳ ನಡುವೆ ಅಲ್ಲಲ್ಲಿ ತಲೆಯಿಲ್ಲದ ತೆಂಗಿನ ಮರಗಳು ಕಾಣಸಿಗುತ್ತವೆ. ಬರಕ್ಕೋ, ಅಣಬೆ ರೋಗಕ್ಕೋ, ಸುಳಿ ಕೊರೆಯುವ ಕುರುವಾಯಿ ದುಂಬಿಗೋ ತುತ್ತಾಗಿ ಗರಿಗಳೆಲ್ಲ ಕಳಚಿ ಬಿದ್ದ ಈ ಬೋಳು ಕಂಬಗಳು ರೈತನ ಪಾಲಿಗೆ ನಷ್ಟದ ಲೆಕ್ಕ. ಗಿಳಿಯ ಪಾಲಿಗೆ ಮಾತ್ರ ಅವು ಮನೆ. ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆಯನ್ನು ತನಗೆ ಬೇಕಾದಷ್ಟು ಅಗಲಿಸಿಕೊಂಡು, ಹೆಣ್ಣುಗಿಳಿ ಸಾಮಾನ್ಯವಾಗಿ ಮೂರರಿಂದ ಐದು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯೊಡೆದ ಮರಿ ಹಾರಲು ಕಲಿಯಲು ಆರೇಳು ವಾರ ಬೇಕು.

ಮನೆಯಲ್ಲಿ ಗಿಳಿ ಸಾಕುವುದು ಹೇಗೆಂದು ವಿಚಾರಿಸುವವರು ಮೊದಲು ತಿಳಿಯಬೇಕಾದ ಸಂಗತಿ ಇದೇ. ಸಂತೆಯಲ್ಲಿ ಗುಟ್ಟಾಗಿ ಮಾರಾಟವಾಗುವ ಹಸಿರು ಗಿಳಿ ಬಹುಪಾಲು ಇಂತಹ ಪೊಟರೆಯಿಂದ ಎತ್ತಿ ತಂದ ಮರಿಯೇ ಆಗಿರುತ್ತದೆ.

ಕಾನೂನು ಏನು ಹೇಳುತ್ತದೆ?

ಕೊರಳಲ್ಲಿ ಕೆಂಪು ಉಂಗುರವಿರುವ ನಮ್ಮ ಊರಿನ ಗಿಳಿ ವನ್ಯಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಟ್ಟು ಸಾಕುವುದು ಅಪರಾಧ. 2022ರಲ್ಲಿ ಅಂಗೀಕಾರವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅದನ್ನು ಎರಡನೇ ಅನುಸೂಚಿಗೆ ಸೇರಿಸಿದೆ. ತಪ್ಪಿತಸ್ಥರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ‘ಅಜ್ಜನ ಕಾಲದಿಂದಲೂ ಸಾಕುತ್ತಿದ್ದೇವೆ’ ಎಂಬ ಸಮಜಾಯಿಷಿ ಕಾನೂನಿನ ಮುಂದೆ ನಿಲ್ಲದು.

ವಿದೇಶಿ ಮೂಲದ ಬಜರಿಗರ್, ಕಾಕಟೀಲ್ ಹಾಗೂ ಗುಲಾಬಿ ಮುಖದ ಲವ್ ಬರ್ಡ್‌ಗಳನ್ನು ಸಾಕಲು ಈ ಅಡ್ಡಿಯಿಲ್ಲ. ಆಫ್ರಿಕಾದ ಬೂದು ಗಿಳಿ, ಮಕಾವ್ ಮೊದಲಾದವುಗಳನ್ನು 2024ರ ನಿಯಮಗಳಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸುವುದು ಕಡ್ಡಾಯ.

ಪಂಜರ ಹೇಗಿರಬೇಕು?

ಹಕ್ಕಿ ಎರಡೂ ರೆಕ್ಕೆಗಳನ್ನು ಪೂರ್ತಿ ಚಾಚಿದರೂ ಸರಳುಗಳಿಗೆ ತಾಗಬಾರದು. ಎತ್ತರಕ್ಕಿಂತ ಅಗಲ ಮುಖ್ಯ. ಏಕೆಂದರೆ ಹಕ್ಕಿ ಹಾರುವುದು ಅಡ್ಡಲಾಗಿ. ಒಂದೇ ದಪ್ಪದ ನುಣುಪಾದ ಕೋಲಿನ ಮೇಲೆ ಸದಾ ಕೂತರೆ ಪಾದಗಳು ಹುಣ್ಣಾಗುತ್ತವೆ. ಬೇವು, ಸೀಬೆಯ ಬೇರೆ ಬೇರೆ ದಪ್ಪದ ಕೊಂಬೆಗಳನ್ನು ತೊಳೆದು ಕಟ್ಟಿರಿ. ಪಂಜರವನ್ನು ಅಡುಗೆಮನೆಯ ಹತ್ತಿರ ಇಡಲೇಬೇಡಿ. ನಾನ್‌ಸ್ಟಿಕ್ ಪಾತ್ರೆ ಅತಿಯಾಗಿ ಕಾದಾಗ ಹೊಮ್ಮುವ ಅನಿಲ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು.

ಗಿಳಿಜಾತಿಯ ಹಕ್ಕಿಗೆ ಕೊಕ್ಕು ಸುಮ್ಮನಿರಲಾಗದು. ಕಡಿಯಲು ಏನೂ ಸಿಗದೆ ಬೇಸರಗೊಂಡ ಹಕ್ಕಿ ತನ್ನ ಪುಕ್ಕಗಳನ್ನೇ ಕಿತ್ತುಕೊಳ್ಳುತ್ತದೆ. ಶುಚಿಗೊಳಿಸಿ ಒಣಗಿಸಿದ ತೆಂಗಿನ ಚಿಪ್ಪು ಅದಕ್ಕೆ ಒಳ್ಳೆಯ ಆಟಿಕೆ. ಚಿಪ್ಪಿಗೆ ಅಂಟಿದ ನಾರನ್ನು ಮಾತ್ರ ಪೂರ್ತಿ ಕೆರೆದು ತೆಗೆಯಿರಿ. ಎಳೆ ಕಾಲಿಗೆ ಸುತ್ತಿಕೊಳ್ಳಬಹುದು, ನುಂಗಿದರೆ ಗಂಟಲಚೀಲದಲ್ಲಿ ಕಟ್ಟಿಕೊಳ್ಳಬಹುದು.

ಆಹಾರದಲ್ಲಿ ಎಚ್ಚರ

ಬರಿಯ ಸೂರ್ಯಕಾಂತಿ ಬೀಜ ತಿಂದು ಬೆಳೆದ ಹಕ್ಕಿಗೆ ಕೊಬ್ಬು ಹೆಚ್ಚುತ್ತದೆ, ‘ಎ’ ಜೀವಸತ್ವದ ಕೊರತೆ ಕಾಡುತ್ತದೆ. ನವಣೆಯಂತಹ ಸಿರಿಧಾನ್ಯ, ಮೊಳಕೆ ಕಾಳು, ಸೊಪ್ಪು, ಕ್ಯಾರೆಟ್, ಸೀಬೆ, ಪರಂಗಿ ದಿನವೂ ಸ್ವಲ್ಪ ಸ್ವಲ್ಪ ಇರಲಿ. ಮೆಣಸಿನಕಾಯಿ ತಿನ್ನಿಸಿದರೆ ಮಾತು ಬರುತ್ತದೆಂಬುದು ಬರೀ ನಂಬಿಕೆ. ಹಕ್ಕಿಗಳಿಗೆ ಅದರ ಖಾರ ತಟ್ಟುವುದೇ ಇಲ್ಲ. ಚಾಕೊಲೇಟ್, ಬೆಣ್ಣೆಹಣ್ಣು, ಕಾಫಿ, ಉಪ್ಪಿನ ತಿನಿಸು ಸಲ್ಲದು.

ಹಸಿ ಕಾಯಿಯ ಸಣ್ಣ ಚೂರು ಆಗೊಮ್ಮೆ ಈಗೊಮ್ಮೆ ಕೊಡಬಹುದು. ಬೂಷ್ಟು ಹಿಡಿದ ಕೊಬ್ಬರಿ, ಕಡಲೆಕಾಯಿಯನ್ನು ‘ಹಕ್ಕಿಗಾದರೂ ಆಗಲಿ’ ಎಂದು ಹಾಕುವುದು ವಿಷ ಇಕ್ಕಿದಂತೆ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಯಕೃತ್ತನ್ನು ಹಾಳುಮಾಡುತ್ತದೆ.

ರೋಗದ ಸುಳಿವು

ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತದೆ. ಹಗಲಲ್ಲೂ ಪುಕ್ಕ ಉಬ್ಬಿಸಿಕೊಂಡು ತೂಕಡಿಸುವುದು, ಉಸಿರಿನೊಡನೆ ಬಾಲ ಮೇಲೆ ಕೆಳಗೆ ಆಡುವುದು, ಹಿಕ್ಕೆಯ ಬಣ್ಣ ಬದಲಾಗುವುದು ಕಂಡರೆ ಅಂದೇ ಪಶುವೈದ್ಯರಿಗೆ ತೋರಿಸಿ. ಒಣಗಿದ ಹಿಕ್ಕೆಯ ಧೂಳಿನಿಂದ ಗಿಳಿಜ್ವರ ಮನುಷ್ಯರಿಗೂ ತಗುಲಬಹುದು. ಆದ್ದರಿಂದ ಪಂಜರವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಮನೆಯವರಿಗೆ ಜ್ವರ, ತಲೆನೋವು, ಒಣಕೆಮ್ಮು ಒಟ್ಟಿಗೆ ಬಂದರೆ ಮನೆಯಲ್ಲಿ ಹಕ್ಕಿ ಇರುವುದನ್ನು ವೈದ್ಯರಿಗೆ ಮರೆಯದೆ ತಿಳಿಸಿ.

ಮರಿ ಸಿಕ್ಕಿದರೆ?

ಬಿದ್ದ ಮರಿಗೆ ಹಸುವಿನ ಹಾಲು ಕುಡಿಸಬೇಡಿ, ಬಾಯಿಗೆ ನೀರು ಹನಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಬೆಚ್ಚಗಿನ ಕತ್ತಲಲ್ಲಿರಿಸಿ ಹತ್ತಿರದ ವಲಯ ಅರಣ್ಯ ಕಚೇರಿಗೆ ಸುದ್ದಿ ಮುಟ್ಟಿಸಿ. ಬಹುಕಾಲ ಪಂಜರದಲ್ಲಿದ್ದ ಗಿಳಿಯನ್ನು ಪುಣ್ಯ ಬರುತ್ತದೆಂದು ಒಮ್ಮೆಲೇ ಹಾರಿಬಿಡುವುದೂ ಸರಿಯಲ್ಲ. ರೆಕ್ಕೆಯ ಬಲ ಕುಂದಿದ, ಬೆಕ್ಕಿನ ಭಯ ಅರಿಯದ ಆ ಹಕ್ಕಿ ಹೆಚ್ಚು ದಿನ ಬದುಕದು. ಅದನ್ನೂ ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸೂಕ್ತ.

ತೋಟದವರ ಕಷ್ಟವೂ ಸುಳ್ಳಲ್ಲ. ಕೊಳೆಯುವ ಕಾಂಡದಲ್ಲಿ ಕುರುವಾಯಿ ದುಂಬಿ ಸಂತಾನ ಬೆಳೆಸುವುದರಿಂದ ಸತ್ತ ಮರ ತೆಗೆಯಿರಿ ಎಂಬುದು ಕೃಷಿ ತಜ್ಞರ ಸಲಹೆ. ಆದರೆ ಗಿಳಿ ಮರಿ ಮಾಡುವುದು ಹೆಚ್ಚಾಗಿ ಜನವರಿಯಿಂದ ಏಪ್ರಿಲ್‌ವರೆಗೆ. ಗರಗಸ ಇಡುವ ಮುನ್ನ ಪೊಟರೆಗೆ ಹಕ್ಕಿ ಬಂದುಹೋಗುತ್ತಿದೆಯೇ ಎಂದು ಒಂದು ಬೆಳಗು ಕಾದು ನೋಡಿದರೆ, ಇದ್ದರೆ ಮರಿಗಳು ಹಾರುವವರೆಗೆ ಕೆಲವು ವಾರ ತಡೆದರೆ, ಮರವೂ ಹೋಗುತ್ತದೆ, ಮರಿಯೂ ಉಳಿಯುತ್ತದೆ. ಊರಿನ ಗಿಳಿಗೆ ನಾವು ಮಾಡಬಹುದಾದ ಆರೈಕೆ ಅಷ್ಟೇ. ಅದಕ್ಕೆ ಪಂಜರ ಬೇಕಿಲ್ಲ.