ಪ್ರೌಢಸ್ತ್ರೀಯರ ಮೊಡವೆಯೂ ದೂರವೈದ್ಯವೂ

ಮೊಡವೆಯು ಹರೆಯದ ಮಕ್ಕಳ ವ್ಯಾಧಿಯೆಂದೂ, ಮದುವೆಯಾಗಿ ಒಂದೆರಡು ಮಕ್ಕಳಾದ ಮೇಲೆ ಅದು ತಾನಾಗಿ ಅಡಗಿಹೋಗುವದೆಂದೂ ನಮ್ಮ ಜನರಲ್ಲಿ ವಾಡಿಕೆಯ ಮಾತುಂಟು. ಈ ಮಾತು ಅರ್ಧಮಾತ್ರ ಸತ್ಯವಾದದ್ದು. 25 ವರ್ಷ ದಾಟಿದ ಮೇಲೆಯೂ ಅನೇಕರಿಗೆ, ವಿಶೇಷವಾಗಿ ಸ್ತ್ರೀಯರಿಗೆ, ಮೊಡವೆಗಳು ಉಳಿದುಕೊಳ್ಳುತ್ತವೆ. ಕೆಲವರಿಗೆ ಆ ವಯಸ್ಸಿನಲ್ಲಿಯೇ ಹೊಸದಾಗಿ ಏಳುತ್ತವೆ. ಇಂಥವರು ತಮ್ಮ ವಯಸ್ಸಿಗೆ ಇದು ತಕ್ಕದ್ದಲ್ಲವೆಂದು ನಾಚಿ, ಯಾರಿಗೂ ಹೇಳದೆ, ಕಂಡಕಂಡದ್ದನ್ನು ಹಚ್ಚಿ ಮುಖವನ್ನು ಕೆಡಿಸಿಕೊಳ್ಳುವದುಂಟು. ಆದಕಾರಣ ಈ ವ್ಯಾಧಿಯ ಸ್ವರೂಪವನ್ನೂ, ಮನೆಯಲ್ಲಿದ್ದುಕೊಂಡೇ ಡಾಕ್ಟರರನ್ನು ಕಾಣುವ ಹೊಸ ಕ್ರಮವನ್ನೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ವಿವರಿಸುವದು ಯುಕ್ತವೆಂದು ನಮಗೆ ತೋರಿತು.

ಚರ್ಮದ ಪ್ರತಿಯೊಂದು ರೋಮದ ಬುಡದಲ್ಲಿ ಎಣ್ಣೆಯಂಥ ಜಿಡ್ಡನ್ನು ಒಸರಿಸುವ ಸಣ್ಣ ಗ್ರಂಥಿಯೊಂದಿರುತ್ತದೆ. ದೇಹದಲ್ಲಿ ಹುಟ್ಟುವ ಹಾರ್ಮೋನುಗಳ ಪ್ರೇರಣೆಯಿಂದ ಈ ಜಿಡ್ಡು ಹೆಚ್ಚಾಗಿ, ಸತ್ತ ಚರ್ಮದ ಕಣಗಳೊಡನೆ ಕೂಡಿ ರಂಧ್ರವನ್ನು ಮುಚ್ಚುತ್ತದೆ. ಮುಚ್ಚಿದ ರಂಧ್ರದೊಳಗೆ ಸೂಕ್ಷ್ಮಜೀವಿಗಳು ಬೆಳೆದು ಉರಿಯೂತವನ್ನುಂಟುಮಾಡುತ್ತವೆ. ಇದೇ ಮೊಡವೆ. ಪ್ರೌಢಸ್ತ್ರೀಯರಲ್ಲಿ ಅದು ಬಹುಮಟ್ಟಿಗೆ ಗಲ್ಲ, ದವಡೆಗಳ ಸುತ್ತಲೂ ಕಾಣಿಸಿಕೊಂಡು, ಮಾಸಿಕ ಋತುವಿನ ಮುಂಚೆ ಉಲ್ಬಣಿಸುವದುಂಟು. ಹೀಗಿರಲಾಗಿ ಇದು ಕೊಳೆಯಿಂದ ಬಂದದ್ದಲ್ಲ, ನಡತೆಯ ದೋಷದಿಂದ ಬಂದದ್ದಂತೂ ಅಲ್ಲ. ದಿನಕ್ಕೆ ಹತ್ತು ಸಾರಿ ಸಾಬೂನಿನಿಂದ ತಿಕ್ಕಿದರೆ ಚರ್ಮವು ಒಣಗಿ ಸಿಡಿಯುವದೇ ಹೊರತು ಗುಣವಾಗದು.

ಮುನಿರಾಬಾದನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳೋಣ. ತುಂಗಭದ್ರಾ ಅಣೆಕಟ್ಟಿನ ಎಡದಂಡೆಯಲ್ಲಿರುವ ಈ ಊರಿಗೆ ರೈಲೂ ಉಂಟು, ರಸ್ತೆಯೂ ಉಂಟು. ಒಂದು ಕಡೆಗೆ ಹೊಸಪೇಟೆ; ಇನ್ನೊಂದು ಕಡೆಗೆ ಜಿಲ್ಲೆಯ ಮುಖ್ಯಪಟ್ಟಣವಾದ ಕೊಪ್ಪಳ. ಕೊಪ್ಪಳದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ನಡೆಯುತ್ತಲಿದೆ. ಆದರೂ ಕೂಲಿಯನ್ನೋ ನೌಕರಿಯನ್ನೋ ಮಾಡುವ ಹೆಂಗಸು ಮುಖದ ಗುಳ್ಳೆಗೋಸ್ಕರ ಒಂದು ದಿನದ ಸಂಪಾದನೆಯನ್ನು ಬಿಟ್ಟು, ಮಕ್ಕಳನ್ನು ಅತ್ತೆಗೆ ಒಪ್ಪಿಸಿ, ದವಾಖಾನೆಯ ಸಾಲಿನಲ್ಲಿ ನಿಲ್ಲುವಳೇ? ಬಿಡಲೊಲ್ಲದ ನಾಚಿಕೆಯೂ ಹಾದಿಯ ಖರ್ಚೂ ಸೇರಿ ಅವಳನ್ನು ಹತ್ತಿರದ ಔಷಧದ ಅಂಗಡಿಗೆ ಕಳಿಸುತ್ತವೆ. ಅಲ್ಲಿ ನಿಜವಾದ ಅಪಾಯವು ಆರಂಭವಾಗುತ್ತದೆ.

ಮುಖವನ್ನು ಬೆಳ್ಳಗೆ ಮಾಡುವದೆಂಬ ಹೆಸರಿನಿಂದ ಮಾರಲ್ಪಡುವ ಅನೇಕ ಮುಲಾಮುಗಳಲ್ಲಿ ಸ್ಟೆರಾಯ್ಡ್ ಎಂಬ ತೀಕ್ಷ್ಣವಾದ ಔಷಧವು ಬೆರೆತಿರುತ್ತದೆ. ಹಚ್ಚಿದ ಕೆಲವು ದಿನಗಳಲ್ಲಿ ಕೆಂಪು ಇಳಿದು ಮುಖವು ತಿಳಿಯಾದಂತೆ ತೋರುವದು. ಕೊಂಡವಳು ಹರ್ಷಪಟ್ಟು ನೆರೆಯವಳಿಗೂ ಹೇಳುವಳು. ತಿಂಗಳುಗಳು ಕಳೆದಂತೆ ಚರ್ಮವು ತೆಳ್ಳಗಾಗಿ, ರಕ್ತನಾಳಗಳು ಎದ್ದು ಕಂಡು, ಬೇಡವಾದ ಕೂದಲು ಬೆಳೆದು, ಮೊಡವೆಗಳು ಮೊದಲಿಗಿಂತಲೂ ಹೆಚ್ಚಾಗಿ ಏಳುತ್ತವೆ. ಬಿಟ್ಟರೆ ಉರಿ, ಹಚ್ಚಿದರೆ ಕೇಡು, ಎಂಬ ಇಕ್ಕಟ್ಟಿನಲ್ಲಿ ಅವಳು ಸಿಕ್ಕಿಕೊಳ್ಳುವಳು. ಇದನ್ನು ಕಂಡೇ ಭಾರತ ಸರಕಾರವು 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿತು. ಪಟ್ಟಿಯಾದ ಮಾತ್ರಕ್ಕೆ ಮಾರಾಟವು ನಿಂತುಹೋಯಿತೆಂದು ಯಾರೂ ನಂಬಿ ಕುಳಿತುಕೊಳ್ಳಬಾರದು.

ಅಂಗಡಿಗೂ ದೂರದ ದವಾಖಾನೆಗೂ ನಡುವೆ ಈಗ ಮೂರನೆಯದೊಂದು ದಾರಿ ತೆರೆದಿದೆ. 2020ನೆಯ ಇಸವಿಯ ಮಾರ್ಚ್ 25ರಂದು ದೂರವೈದ್ಯಕ್ಕೆ ಭಾರತದಲ್ಲಿ ನಿಯಮಾವಳಿಯು ಪ್ರಕಟವಾಯಿತು. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ, ರೋಗಿಗಳು ಮನೆಯಿಂದಲೇ ಡಾಕ್ಟರರನ್ನು ಕಾಣುವಂತೆ 'ಇ-ಸಂಜೀವಿನಿ'ಯ ಹೊರರೋಗಿ ವಿಭಾಗವನ್ನು ಕೇಂದ್ರ ಸರಕಾರವು ಆರಂಭಿಸಿತು. ಮೊಬೈಲಿನಲ್ಲಿ ಹೆಸರು ನೋಂದಿಸಿ, ಟೋಕನು ಪಡೆದು, ಸರದಿ ಬಂದಾಗ ಡಾಕ್ಟರರೊಡನೆ ಮುಖಾಮುಖಿಯಾಗಿ ಮಾತಾಡಬಹುದು. ಔಷಧದ ಚೀಟಿಯೂ ಅಲ್ಲಿಯೇ ದೊರಕುವದು. ಮೊಬೈಲಿನ ಬಳಕೆ ತಿಳಿಯದವರು ಆರೋಗ್ಯ ಕೇಂದ್ರಕ್ಕೆ ಹೋದರೆ, ಅಲ್ಲಿಯ ಸಿಬ್ಬಂದಿಯು ದೂರದ ವೈದ್ಯರೊಡನೆ ಮಾತಾಡಿಸುವ ಏರ್ಪಾಡೂ ಇದೇ ಯೋಜನೆಯಲ್ಲಿದೆ.

ನಿಯಮಾವಳಿಯ ಕೆಲವು ಮಾತುಗಳನ್ನು ಅರಿತಿರುವದು ಲೇಸು. ಹೆಸರು ಮರೆಸಿ ಸಲಹೆ ಕೇಳಲು ಅವಕಾಶವಿಲ್ಲ. ರೋಗಿಯು ತನ್ನ ಹೆಸರನ್ನೂ ವಯಸ್ಸನ್ನೂ ತಿಳಿಸಬೇಕು. ಡಾಕ್ಟರರು ತಮ್ಮ ನೋಂದಣಿ ಸಂಖ್ಯೆಯನ್ನು ಚೀಟಿಯಲ್ಲಿ ಕಾಣಿಸಬೇಕು. ಸಂಖ್ಯೆಯಿಲ್ಲದ ಚೀಟಿಯನ್ನು ನಂಬಬೇಡಿರಿ. ಅಪ್ರಾಪ್ತ ವಯಸ್ಸಿನ ಹುಡುಗಿಯಾದರೆ ಹಿರಿಯರೊಬ್ಬರು ಜೊತೆಯಲ್ಲಿರಬೇಕು. ತಾಯಂದಿರು ಇದನ್ನು ಮನಸ್ಸಿನಲ್ಲಿಡತಕ್ಕದ್ದು. ಚರ್ಮದ ಮುಲಾಮುಗಳಂಥ ಕೆಲವು ಔಷಧಗಳನ್ನು ಮೊದಲನೆಯ ಭೇಟಿಯಲ್ಲಿ ವೀಡಿಯೋದ ಮೂಲಕ ಕಂಡ ಮೇಲೆಯೇ ಬರೆಯಬೇಕೆಂಬ ಕಟ್ಟೂ ಉಂಟು. ಪರದೆಯ ಮೇಲೆ ಕಂಡದ್ದು ಸಾಲದೆಂದು ತೋರಿದರೆ ಡಾಕ್ಟರರು ನೇರವಾಗಿ ಬರಹೇಳಬಹುದು. ಹಾಗೆ ಹೇಳಿದರೆ ಅದು ನಿಮ್ಮನ್ನು ತಳ್ಳಿಹಾಕಿದಂತಲ್ಲ, ಕಾಪಾಡಿದಂತೆ.

ಪರದೆಯ ಮೂಲಕ ಮೊಡವೆಗೆ ನಿಜವಾಗಿಯೂ ಚಿಕಿತ್ಸೆಯಾದೀತೇ ಎಂದು ಕೇಳುವವರುಂಟು. ಮೊಡವೆಯು ಕಣ್ಣಿಗೆ ಕಾಣುವ ವ್ಯಾಧಿಯಾದ್ದರಿಂದ ಈ ಕ್ರಮಕ್ಕೆ ಬಹಳ ಮಟ್ಟಿಗೆ ಒಗ್ಗುತ್ತದೆ. ಅಮೆರಿಕೆಯ ಬಾಸ್ಟನ್ ನಗರದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮೊದಲು ಒಮ್ಮೆ ದವಾಖಾನೆಯಲ್ಲಿ ಕಂಡ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು 6 ವಾರಗಳಿಗೊಮ್ಮೆ ಮುಖದ ಚಿತ್ರಗಳನ್ನು ಅಂತರ್ಜಾಲದಲ್ಲಿ ಕಳಿಸಿದರು. ಇನ್ನೊಂದು ಗುಂಪಿನವರು ದವಾಖಾನೆಗೆ ಬರುತ್ತಿದ್ದರು. ಕಡೆಯಲ್ಲಿ ಇಬ್ಬರ ಗುಣವೂ ಸಮನಾಗಿಯೇ ಕಂಡುಬಂತು. ಆ ರೋಗಿಗಳ ಮೊಡವೆಯು ಸೌಮ್ಯವೋ ಮಧ್ಯಮವೋ ಆಗಿತ್ತೆಂಬದನ್ನೂ ಮರೆಯಬಾರದು.

ಚಿತ್ರ ತೆಗೆಯುವದರಲ್ಲಿ ಶ್ರದ್ಧೆ ಬೇಕು. ಮುಖ ತೊಳೆದು, ಪೌಡರು ಮೊದಲಾದವುಗಳಿಲ್ಲದೆ, ಕಿಟಕಿಯ ಹಗಲು ಬೆಳಕಿನಲ್ಲಿ ಎದುರಿನಿಂದ ಒಂದು, ಎಡಬಲಗಳಿಂದ ಒಂದೊಂದು ಚಿತ್ರ ತೆಗೆಯಿರಿ. ಮುಖವನ್ನು ನುಣ್ಣಗೆ ತೋರಿಸುವ ಮೊಬೈಲಿನ ಸೌಂದರ್ಯದ ಏರ್ಪಾಡನ್ನು ಆರಿಸಿರಿ. ಅಂದಗಾಣಿಸಿದ ಮುಖಕ್ಕೆ ಡಾಕ್ಟರರು ಏನು ಔಷಧ ಬರೆದಾರು? ಪ್ರತಿಸಾರಿಯೂ ಅದೇ ಸ್ಥಳದಲ್ಲಿ ತೆಗೆದರೆ ಹೋಲಿಸುವದು ಸುಲಭ. ಚಿತ್ರಗಳನ್ನು ಡಾಕ್ಟರರ ಹೊರತು ಬೇರೆಯವರಿಗೆ ಕಳಿಸಬಾರದು.

ಚಿತ್ರಕ್ಕಿಂತಲೂ ಮುಖ್ಯವಾದದ್ದು ಸತ್ಯವಾದ ವೃತ್ತಾಂತ. ಈ ಮುಂಚೆ ಹಚ್ಚಿದ ಮುಲಾಮುಗಳ ಕೊಳವೆಗಳನ್ನು, ಖಾಲಿಯಾಗಿದ್ದರೂ, ಎದುರಿಗೆ ಹಿಡಿದು ತೋರಿಸಿರಿ. ನುಂಗುವ ಗುಳಿಗೆಗಳನ್ನೂ, ತಲೆಗೆ ಹಚ್ಚುವ ಎಣ್ಣೆಯನ್ನೂ ಹೇಳಿರಿ. ಎಣ್ಣೆಯು ಹಣೆಗೆ ಇಳಿದರೆ ಅಲ್ಲಿಯ ಗುಳ್ಳೆಗಳಿಗೆ ಕಾರಣವಾಗಬಹುದು. ಋತುವು ಕ್ರಮ ತಪ್ಪಿದ್ದರೆ, ಗಲ್ಲದ ಮೇಲೆ ಕೂದಲು ದಪ್ಪವಾಗಿ ಬೆಳೆಯುತ್ತಿದ್ದರೆ, ನಾಚದೆ ತಿಳಿಸಿರಿ. ಅಂಡಾಶಯಕ್ಕೆ ಸಂಬಂಧಪಟ್ಟ ಪಿಸಿಓಎಸ್ ಎಂಬ ತೊಂದರೆಯ ಕುರುಹು ಅದಾಗಿರಬಹುದು. ಎಲ್ಲಕ್ಕೂ ಮಿಗಿಲಾಗಿ, ಗರ್ಭಿಣಿಯೋ, ಗರ್ಭ ಧರಿಸುವ ಇಚ್ಛೆಯುಳ್ಳವಳೋ, ಮೊಲೆಯೂಡಿಸುವವಳೋ ಎಂಬದನ್ನು ಕೇಳುವ ಮುಂಚೆಯೇ ಹೇಳತಕ್ಕದ್ದು. ಉಗ್ರವಾದ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಎಂಬ ಗುಳಿಗೆಯು ಗರ್ಭದ ಶಿಶುವಿಗೆ ಘೋರವಾದ ಅಂಗದೋಷವನ್ನುಂಟುಮಾಡಬಲ್ಲದು. ಅದನ್ನು ನುಂಗುವ ಕಾಲದಲ್ಲಿಯೂ ಬಿಟ್ಟ ಮೇಲೆ ಒಂದು ತಿಂಗಳವರೆಗೂ ಗರ್ಭ ನಿಲ್ಲಬಾರದು, ರಕ್ತಪರೀಕ್ಷೆಯೂ ಬೇಕು. ತಂಗಿಗೆ ಗುಣವಾಯಿತೆಂದು ಅಕ್ಕನು ಆ ಗುಳಿಗೆಯನ್ನು ಎಂದಿಗೂ ತೆಗೆದುಕೊಳ್ಳಕೂಡದು.

ಸಾಧಾರಣ ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್, ಅಜೆಲಾಯಿಕ್ ಆಮ್ಲ ಮುಂತಾದ ಮುಲಾಮುಗಳನ್ನು ಬರೆಯುವರು. ಇವುಗಳಲ್ಲಿ ಮೊದಲನೆಯದು ದಿಂಬಿನ ಬಟ್ಟೆಯ ಬಣ್ಣವನ್ನು ತೆಗೆಯುತ್ತದೆ. ಎರಡನೆಯದು ಗರ್ಭಿಣಿಯರಿಗೆ ಸಲ್ಲದು. ಆರಂಭದಲ್ಲಿ ಚರ್ಮವು ಕೊಂಚ ಒಣಗಿ ಚುರುಗುಟ್ಟಿದರೆ ಗಾಬರಿಪಡದೆ ಡಾಕ್ಟರರಿಗೆ ತಿಳಿಸಿರಿ. ಗುಣವು ಕಾಣಲು 8ರಿಂದ 12 ವಾರಗಳು ಬೇಕು. ಸ್ಟೆರಾಯ್ಡ್ ಮುಲಾಮು ವಾರದಲ್ಲಿ ಮೋಸಗೊಳಿಸುವದು, ಯೋಗ್ಯವಾದ ಔಷಧವು ತಿಂಗಳುಗಟ್ಟಲೆ ಕಾಯಿಸುವದು. ಈ ಭೇದವನ್ನು ತಿಳಿಯದೆ ಅನೇಕರು ಒಳ್ಳೆಯದನ್ನು ಬಿಟ್ಟು ಕೆಟ್ಟದ್ದಕ್ಕೆ ಮರಳುತ್ತಾರೆ.

ಆದರೆ ಪರದೆಗೆ ಮುಟ್ಟುವ ಕೈಯಿಲ್ಲ. ಮುಖದಲ್ಲಿ ನೋವಿಲ್ಲದ ಗಂಟುಗಳೆದ್ದು, ಕಿವಿಯ ಅಂಚು ದಪ್ಪವಾಗಿ, ಚರ್ಮದ ಸ್ಪರ್ಶಜ್ಞಾನವು ಕುಂದಿದರೆ ಅದು ಕುಷ್ಠವಾಗಿರಬಹುದು. ಅದನ್ನು ಮುಟ್ಟಿ ಪರೀಕ್ಷಿಸಬೇಕು, ಮತ್ತು ಅದೂ ಔಷಧದಿಂದ ಪೂರ್ಣ ಗುಣವಾಗುವ ವ್ಯಾಧಿಯೇ. ಆಳವಾದ ನೋವಿನ ಗಂಟುಗಳು, ಕುಳಿಬೀಳುವ ಕಲೆಗಳು, ಜ್ವರದೊಡನೆ ಒಮ್ಮೆಲೇ ಎದ್ದ ಮೊಡವೆಗಳು, 3 ತಿಂಗಳ ಚಿಕಿತ್ಸೆಗೂ ಬಗ್ಗದ ಮೊಡವೆಗಳು, ಇವುಗಳಿಗೆ ಚರ್ಮವೈದ್ಯರನ್ನು ನೇರವಾಗಿ ಕಾಣಲೇಬೇಕು. ಆ ದಿನ ಕೊಪ್ಪಳದ ಹಾದಿಯು ದೂರವೆನ್ನಬಾರದು.

ಪೋಷಕರಿಗೆ ನಮ್ಮ ವಿಜ್ಞಾಪನೆಯಿಷ್ಟೇ. ಮನೆಯ ಮಗಳೂ ಸೊಸೆಯೂ ಮುಖದ ಮೊಡವೆಯ ಮಾತೆತ್ತಿದಾಗ ಅದನ್ನು ಶೃಂಗಾರದ ಹಂಬಲವೆಂದು ಹಾಸ್ಯಮಾಡಬೇಡಿರಿ. ಹಾಸ್ಯಕ್ಕೆ ಅಂಜಿದವಳು ಅಂಗಡಿಗೆ ಗುಟ್ಟಾಗಿ ಹೋಗುತ್ತಾಳೆ. ಮನೆಯ ಮೊಬೈಲನ್ನು ಅರ್ಧ ತಾಸು ಅವಳ ಕೈಗೆ ಕೊಟ್ಟು, ಬಾಗಿಲು ಮುಂದೆಮಾಡಿ, ಡಾಕ್ಟರರೊಡನೆ ನಿಶ್ಚಿಂತೆಯಿಂದ ಮಾತಾಡಲು ಎಡೆಕೊಟ್ಟರೆ, ಅನೇಕ ವರ್ಷಗಳ ಕಲೆಯೂ ಕೊರಗೂ ತಪ್ಪಬಹುದು.