ಗಣಕಯಂತ್ರದ ಮಾಂದ್ಯ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೊಂಬೆ ಮುರಿದುದು ಕಾಗೆಯ ಭಾರದಿಂದಲೋ, ಒಳಗೆ ಮೊದಲೇ ಹುಳು ಹಿಡಿದಿದ್ದುದರಿಂದಲೋ ಎಂದು ವಿಚಾರಿಸುವವರು ಕಡಮೆ. ಕಾಗೆ ಕಣ್ಣಿಗೆ ಕಾಣುತ್ತದೆ, ಹುಳು ಕಾಣುವುದಿಲ್ಲ. ಕಳೆದ ವರ್ಷ ನಮ್ಮ ಕಾಲೇಜಿನ ಗಣಕಯಂತ್ರಗಳ ಕೊಠಡಿಯಲ್ಲಿ ಈ ಗಾದೆಯ ಅರ್ಥವು ನಮಗೆ ಮನವರಿಕೆಯಾಯಿತು. ನಾನು ಕಲಾ ವಿದ್ಯಾರ್ಥಿ, ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೂ ಅಲ್ಲಿ ಕಂಡುದನ್ನು, ತಿಳಿದುಕೊಂಡುದನ್ನು, ನನ್ನಂತಹ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಆ ಕೊಠಡಿಯಲ್ಲಿ ಆರು ಯಂತ್ರಗಳಿವೆ. ನಕ್ಷೆ ತಯಾರಿಸುವ ಕಚೇರಿಯೊಂದು ತನಗೆ ಹಳೆಯದಾದುವನ್ನು ದಾನವಾಗಿ ಕೊಟ್ಟುದು. ಹಣ ಕೊಡದೆ ದೊರೆಯುವ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಅವುಗಳಲ್ಲಿ ಅಳವಡಿಸಿದೆ. ದೀಪಾವಳಿಯ ರಜೆ ಮುಗಿದೊಡನೆ, ಇವುಗಳ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದ ನನ್ನ ಸಹಪಾಠಿಯೊಬ್ಬನು ಐದು ಯಂತ್ರಗಳಿಗೆ ಹೊಸ ಕರ್ನಲ್ ಹಾಕಿದನು. ಆರನೆಯದರ ಪರದೆ ರಿಪೇರಿಗೆ ಹೋಗಿದ್ದುದರಿಂದ ಅದು ಹಾಗೆಯೇ ಉಳಿಯಿತು. ಮರುದಿನ ನೋಡಿದರೆ ಐದೂ ಯಂತ್ರಗಳು ಜಡವಾಗಿದ್ದುವು. ಅಕ್ಷರ ಒತ್ತಿದರೆ ಒಂದು ಉಸಿರು ಎಳೆದುಕೊಂಡ ಮೇಲೆ ಅದು ಪರದೆಯ ಮೇಲೆ ಮೂಡುತ್ತಿತ್ತು. ವಿದ್ಯಾರ್ಥಿವೇತನದ ಅರ್ಜಿಗೆ ಒಂಬತ್ತು ದಿನ ಮಾತ್ರ ಉಳಿದಿತ್ತು. ಸಾಲು ಬಾಗಿಲಿನ ಆಚೆಗೂ ಬೆಳೆದಿತ್ತು.

“ಏನಪ್ಪಾ, ಚೆನ್ನಾಗಿದ್ದುದನ್ನು ಕೆಡಿಸಿಬಿಟ್ಟೆಯಲ್ಲ!” ಎಂದರು ಗ್ರಂಥಪಾಲಕರು.

“ಕೆಡಿಸಬೇಕೆಂದು ಮಾಡಲಿಲ್ಲ, ಸಾರ್,” ಎಂದು ಅವನು ತಲೆ ತಗ್ಗಿಸಿದನು.

ಪೇಟೆಯಿಂದ ಬಂದ ರಿಪೇರಿಯವನು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಬೇಕೆಂದು ಹೇಳಿ ಹೋದನು. ಆದರೆ ಇತಿಹಾಸ ವಿಭಾಗದವರು ಎರಡು ವರ್ಷ ಹಳ್ಳಿಹಳ್ಳಿ ತಿರುಗಿ ಬರೆದುಕೊಂಡು ಬಂದಿದ್ದ ಶಾಸನ, ವೀರಗಲ್ಲುಗಳ ವಿವರಗಳು ಆ ಯಂತ್ರಗಳಲ್ಲೊಂದರಲ್ಲಿದ್ದುವು. ಅದಕ್ಕೆ ಬೇರೆ ಪ್ರತಿ ಇರಲಿಲ್ಲ.

ಕರ್ನಲ್ ಎಂದರೇನು? ಆ ಮಾತಿಗೆ ತಿರುಳು ಎಂದರ್ಥ. ನಮ್ಮ ಕೆರೆಯ ಊರುಗಳಲ್ಲಿ ನೀರುಗಂಟಿ ಎಂಬವನಿರುತ್ತಾನೆ. ಅವನು ಗದ್ದೆಯ ಒಡೆಯನಲ್ಲ, ಉಳುವವನೂ ಅಲ್ಲ. ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಸರದಿಯಂತೆ ಹಂಚುವುದೇ ಅವನ ಕೆಲಸ. ಕರ್ನಲ್ ಗಣಕಯಂತ್ರದ ನೀರುಗಂಟಿ. ನಾವು ತೆರೆದಿರುವ ಹತ್ತಾರು ಕಾರ್ಯಕ್ರಮಗಳಿಗೆ ಪ್ರೊಸೆಸರಿನ ಕಾಲವನ್ನು ಸೆಕೆಂಡಿನ ಸಾವಿರದ ಪಾಲುಗಳಲ್ಲಿ ಅದು ಹಂಚುತ್ತದೆ. ಮೆಮೊರಿಯನ್ನು ಅಳೆದು ಕೊಡುತ್ತದೆ. ಡಿಸ್ಕು, ಪರದೆ, ಕೀಲಿಮಣೆಗಳೊಡನೆ ವ್ಯವಹರಿಸುತ್ತದೆ. ನೀರುಗಂಟಿ ಬದಲಾದ ಮರುದಿನವೇ ಗದ್ದೆ ಒಣಗಿದರೆ ಊರವರು ಅವನನ್ನೇ ಬೈಯುತ್ತಾರೆ. ಆದರೆ ತೂಬಿಗೆ ಹೂಳು ಕಟ್ಟಿರಬಹುದು, ಕಾಲುವೆ ಒಡೆದಿರಬಹುದು.

ಹಾಗಾದರೆ ಚೆನ್ನಾಗಿ ನಡೆಯುತ್ತಿರುವ ಕರ್ನಲನ್ನು ಬದಲಾಯಿಸುವುದೇಕೆಂಬ ಪ್ರಶ್ನೆ ಏಳುತ್ತದೆ. ಲಿನಕ್ಸ್ ಕರ್ನಲನ್ನು 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆಯಲು ತೊಡಗಿದನು. ಇಂದು ಲೋಕದ ನಾನಾ ದೇಶಗಳ ಸಾವಿರಾರು ಮಂದಿ ಅದನ್ನು ತಿದ್ದುತ್ತಾರೆ. ಹೊಸ ಸಲಕರಣೆಗಳಿಗೆ ಹೊಂದಿಸುವುದಕ್ಕಾಗಿ ಕೆಲವು ತಿದ್ದುಪಡಿಗಳು ಬರುತ್ತವೆ. ಕಳ್ಳಗಿಂಡಿಗಳನ್ನು ಮುಚ್ಚುವುದಕ್ಕಾಗಿ ಇನ್ನು ಕೆಲವು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಎರಡು ದೋಷಗಳು ಪ್ರಕಟವಾದುವು. ಇವು ಪ್ರೊಸೆಸರಿನ ರಚನೆಯಲ್ಲಿಯೇ ಇದ್ದ ದೋಷಗಳು. ಮೆಲ್ಟ್‌ಡೌನಿನ ಮೂಲಕ ಸಾಮಾನ್ಯ ಕಾರ್ಯಕ್ರಮವೊಂದು ಕರ್ನಲಿನ ಗುಟ್ಟನ್ನು ಓದಿಕೊಳ್ಳಬಹುದಾಗಿತ್ತು. ಅದನ್ನು ತಡೆಯಲು, ಮೆಮೊರಿಯಲ್ಲಿ ಕರ್ನಲಿಗೆ ಸೇರಿದ ಭಾಗದ ನಕ್ಷೆಯನ್ನು ಕಾರ್ಯಕ್ರಮಗಳ ಕಣ್ಣಿಗೆ ಬೀಳದಂತೆ ಬೇರ್ಪಡಿಸಲಾಯಿತು. ಕಾರ್ಯಕ್ರಮವು ಕರ್ನಲಿನ ನೆರವು ಬೇಡಿದಾಗಲೆಲ್ಲ ನಕ್ಷೆಯನ್ನು ಬದಲಿಸಬೇಕಾಗಿ ಬಂದುದರಿಂದ ವೇಗವು ತಗ್ಗಿತು. ಹಳೆಯ ಪ್ರೊಸೆಸರುಗಳಿಗೆ ಈ ಹೊರೆ ಹೆಚ್ಚಾಗಿ ತಟ್ಟಿತು. ಮನೆಯ ಬಾಗಿಲಿಗೆ ಬೀಗ ಹಾಕಿದರೆ ಹೋಗಿಬರುವುದು ತುಸು ನಿಧಾನವೇ. ಹಾಗೆಂದು ಬೀಗವನ್ನು ಎಸೆಯುವವರಿಲ್ಲ.

ಇನ್ನು ಪರೀಕ್ಷೆಯ ಕ್ರಮಕ್ಕೆ ಬರೋಣ. ಇಲ್ಲಿ ನಮಗೆ ದಾರಿ ತೋರಿದವರು ತರ್ಕಶಾಸ್ತ್ರದ ನಮ್ಮ ಉಪನ್ಯಾಸಕರು. ಕಾರಣವನ್ನು ನಿಶ್ಚಯಿಸುವ ಬಗೆಯನ್ನು ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ ವಿವರಿಸಿದ್ದಾನೆ. ನಮ್ಮ ನೈಯಾಯಿಕರು ಅದಕ್ಕೂ ಎಷ್ಟೋ ಮೊದಲೇ ಅನ್ವಯ-ವ್ಯತಿರೇಕವೆಂದು ಹೇಳಿದ್ದಾರೆ. ಕಾರಣವಿದ್ದಲ್ಲಿ ಕಾರ್ಯವಿರಬೇಕು, ಕಾರಣವನ್ನು ತೆಗೆದಲ್ಲಿ ಕಾರ್ಯವೂ ಇರಬಾರದು. “ಹೊಸ ಕರ್ನಲ್ ಬಂದಿತು, ಯಂತ್ರ ಮಂದವಾಯಿತು ಎಂಬುದು ಅರ್ಧ ಮಾತು. ಅದನ್ನು ತೆಗೆದು ನೋಡಿದಿರಾ?” ಎಂದು ಅವರು ಕೇಳಿದರು.

ತೆಗೆದು ನೋಡುವುದು ಸುಲಭವೆಂದು ಆಗ ತಿಳಿಯಿತು. ಹೊಸ ಕರ್ನಲ್ ಬಂದಾಗ ಲಿನಕ್ಸ್ ಹಳೆಯದನ್ನು ಕೂಡಲೇ ಅಳಿಸುವುದಿಲ್ಲ. ಯಂತ್ರವು ಏಳುವಾಗ ಶಿಫ್ಟ್ ಕೀಲಿಯನ್ನೊ, ಕೆಲವು ಯಂತ್ರಗಳಲ್ಲಿ ಎಸ್ಕೇಪ್ ಕೀಲಿಯನ್ನೊ ಒತ್ತಿದರೆ ಗ್ರಬ್ ಎಂಬ ಪಟ್ಟಿ ಕಾಣಿಸುತ್ತದೆ. ಅದರಲ್ಲಿ ಹಳೆಯ ಕರ್ನಲನ್ನು ಆರಿಸಿಕೊಳ್ಳಬಹುದು. ಯಾವುದು ನಡೆಯುತ್ತಿದೆಯೆಂಬುದನ್ನು ‘ಯುನೇಮ್ -ಆರ್’ ಎಂಬ ಆಜ್ಞೆ ತಿಳಿಸುತ್ತದೆ. ಈ ಪರೀಕ್ಷೆಗೆ ಹಣ ಬೇಡ, ಏನನ್ನೂ ಅಳಿಸಬೇಕಾಗಿಲ್ಲ. ಐದು ಯಂತ್ರಗಳನ್ನೂ ಹಳೆಯ ಕರ್ನಲಿನಲ್ಲಿ ಎಬ್ಬಿಸಿದೆವು. ನಾಲ್ಕು ಯಂತ್ರಗಳು ಮೊದಲಿನಂತೆ ಚುರುಕಾದುವು. ಐದನೆಯದು ಹಾಗೆಯೇ ತೆವಳುತ್ತಿತ್ತು! ಒಂದೇ ರೋಗವೆಂದು ನಾವು ಭಾವಿಸಿದ್ದುದು ಎರಡು ರೋಗಗಳೆಂದು ಆ ಕ್ಷಣದಲ್ಲಿ ಸ್ಪಷ್ಟವಾಯಿತು.

ಮೊದಲು ಆ ನಾಲ್ಕರ ಕಥೆ. ಅವುಗಳನ್ನು ಮತ್ತೆ ಹೊಸ ಕರ್ನಲಿನಲ್ಲಿ ಎಬ್ಬಿಸಿ ‘ಟಾಪ್’ ಎಂಬ ಆಜ್ಞೆ ಕೊಟ್ಟೆವು. ಯಾವ ಕಾರ್ಯಕ್ರಮವು ಪ್ರೊಸೆಸರನ್ನು ಎಷ್ಟು ಬಳಸುತ್ತಿದೆಯೆಂಬ ಲೆಕ್ಕವನ್ನು ಅದು ಕ್ಷಣಕ್ಷಣಕ್ಕೂ ಒಪ್ಪಿಸುತ್ತದೆ. ಪ್ರೊಸೆಸರಿನ ಕಾಲವನ್ನೆಲ್ಲ ಪರದೆಯನ್ನು ಚಿತ್ರಿಸುವ ಕಾರ್ಯಕ್ರಮವೇ ನುಂಗುತ್ತಿತ್ತು. ನಕ್ಷೆಯ ಕಚೇರಿಯಿಂದ ಬಂದ ಈ ಯಂತ್ರಗಳಲ್ಲಿ ಚಿತ್ರ ಬಿಡಿಸುವುದಕ್ಕೆಂದೇ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇದೆ. ಅದು ಇರುವಾಗ ಪ್ರೊಸೆಸರಿಗೆ ಈ ದುಡಿಮೆ ಏಕೆ? ವ್ಯವಸ್ಥೆಯ ವಿವರಗಳ ಪುಟದಲ್ಲಿ ನೋಡಿದರೆ, ಕಾರ್ಡಿನ ಹೆಸರು ಇರಬೇಕಾದಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದಿತ್ತು. ಕಾರ್ಡು ಸಿಕ್ಕದಿದ್ದಾಗ ಪ್ರೊಸೆಸರಿನಿಂದಲೇ ಚಿತ್ರ ಬರೆಸುವ ಬದಲಿ ಏರ್ಪಾಡು ಅದು.

ಕಾರಣವು ಹೀಗಿದ್ದಿತು. ಕಾರ್ಡನ್ನು ನಡೆಸುವ ಡ್ರೈವರು ಕರ್ನಲಿನೊಡನೆ ಬಂದುದಲ್ಲ, ಹೊರಗಿನಿಂದ ತಂದು ಸೇರಿಸಿದುದು. ಇಂತಹ ಡ್ರೈವರನ್ನು ಒಂದೊಂದು ಕರ್ನಲಿಗೂ ಅಳತೆ ತೆಗೆದು ಹೊಸದಾಗಿ ಹೊಲಿಯಬೇಕು. ಆ ದರ್ಜಿಯ ಕೆಲಸವನ್ನು ಡಿಕೆಎಂಎಸ್ ಎಂಬುದು ತಾನೇ ಮಾಡುತ್ತದೆ. ಅದಕ್ಕೆ ಬೇಕಾದ ಅಳತೆಪಟ್ಟಿಯೇ ಹೆಡರ್ ಕಡತಗಳು. ಕರ್ನಲ್ ಬಂದಿತ್ತು, ಹೆಡರುಗಳು ಬಂದಿರಲಿಲ್ಲ. ಅಳತೆ ಸಿಗದ ದರ್ಜಿ ಸುಮ್ಮನೆ ಕುಳಿತಿದ್ದನು. ಆ ಕರ್ನಲಿಗೆ ಸರಿಯಾದ ಹೆಡರುಗಳನ್ನು ಹಾಕಿ ಯಂತ್ರವನ್ನು ಮತ್ತೆ ಎಬ್ಬಿಸಿದೆವು. ಒಂದೊಂದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಹೊಸ ಕರ್ನಲ್ ಉಳಿಯಿತು, ಚುರುಕೂ ಮರಳಿತು. ನನ್ನ ಮಿತ್ರನಿಂದ ಒಂದು ಹೆಜ್ಜೆ ತಪ್ಪಿದ್ದುದು ನಿಜ. ಆದರೆ ಅವನು ಯಂತ್ರವನ್ನು ಕೆಡಿಸಿರಲಿಲ್ಲ.

ಐದನೆಯ ಯಂತ್ರದ ಕಥೆ ಬೇರೆ. ಅಲ್ಲಿ ಡ್ರೈವರನ್ನು ಸರಿಪಡಿಸಿದ ಮೇಲೂ ಜಡತೆ ಹೋಗಲಿಲ್ಲ. ಟಾಪ್ ತೋರಿಸುವ ಪಟ್ಟಿಯ ಮೇಲ್ಭಾಗದಲ್ಲಿ ‘ಡಬ್ಲ್ಯುಎ’ ಎಂಬ ಅಂಕಿಯೊಂದಿದೆ. ಮಾಡಲು ಬೇರೆ ಕೆಲಸವಿಲ್ಲದೆ, ಡಿಸ್ಕಿನಿಂದ ಮಾಹಿತಿ ಬರಲೆಂದು ಪ್ರೊಸೆಸರು ಕಾದು ಕಳೆದ ಕಾಲ ಅದು. ಇಲ್ಲಿ ಆ ಅಂಕಿ ಬಹಳ ಮೇಲಿತ್ತು. ಮೆಮೊರಿ ಸಾಲದೆ ಹೋದಾಗ ಕರ್ನಲ್ ಡಿಸ್ಕಿನ ಒಂದು ಭಾಗವನ್ನು ಮೆಮೊರಿಯಂತೆ ಬಳಸುವುದುಂಟು. ಕಾಲುವೆಯ ನೀರು ಸಾಲದೆ ದೂರದ ಬಾವಿಯಿಂದ ಕೊಡದಲ್ಲಿ ಹೊತ್ತು ತಂದ ಹಾಗೆ. ಆಗಲೂ ಈ ಅಂಕಿ ಏರುತ್ತದೆ. ಆದರೆ ಇಲ್ಲಿ ಮೆಮೊರಿ ಬೇಕಾದಷ್ಟು ಖಾಲಿಯಿತ್ತು. ಕರ್ನಲ್ ತನ್ನ ದಿನಚರಿಯಲ್ಲಿ ಏನು ಬರೆದುಕೊಂಡಿದೆಯೆಂದು ‘ಡಿಮೆಸೇಜ್’ ಆಜ್ಞೆಯಿಂದ ತೆರೆದು ನೋಡಿದೆವು. ಡಿಸ್ಕನ್ನು ಓದಲಾಗಲಿಲ್ಲವೆಂಬ ದೂರು ಸಾಲುಸಾಲಾಗಿ ಇದ್ದಿತು. ಡಿಸ್ಕು ಸಾಯುತ್ತಿತ್ತು. ಇತಿಹಾಸ ವಿಭಾಗದ ಬರಹಗಳು ಇದ್ದುದು ಅದರಲ್ಲಿಯೇ.

ಆ ಸಂಜೆ ಮಾಡಿದ ಮೊದಲ ಕೆಲಸವೆಂದರೆ ಅವುಗಳನ್ನೆಲ್ಲ ಬೇರೆಡೆಗೆ ನಕಲು ಮಾಡಿದುದು. ಮುಗಿಯುವಾಗ ರಾತ್ರಿ ಎಂಟಾಯಿತು. ಅಟೆಂಡರು ಬಾಗಿಲು ಹಾಕದೆ ನಮಗಾಗಿ ಕಾದಿದ್ದರು. ಮೂರನೆಯ ದಿನ ಆ ಡಿಸ್ಕು ಮತ್ತೆ ಏಳಲೇ ಇಲ್ಲ. ರಿಪೇರಿಯವನ ಮಾತಿನಂತೆ ಎಲ್ಲವನ್ನೂ ಅಳಿಸಿದ್ದರೆ, ಅಥವಾ ಎಲ್ಲ ಯಂತ್ರಗಳಿಗೂ ಒಂದೇ ಕಾರಣವೆಂದು ನಂಬಿ ಕೂತಿದ್ದರೆ, ಎರಡು ವರ್ಷದ ಶ್ರಮವು ಅದರೊಡನೆ ಹೋಗುತ್ತಿತ್ತು.

ಕರ್ನಲಿನಲ್ಲಿಯೇ ತಪ್ಪಿರುವುದು ಇಲ್ಲವೆಂದಲ್ಲ. 2018ರ ಕೊನೆಯಲ್ಲಿ 4.20ನೆಯ ಆವೃತ್ತಿ ಸಿದ್ಧವಾಗುತ್ತಿದ್ದಾಗ, ಸ್ಪೆಕ್ಟರಿಗೆ ಸಂಬಂಧಿಸಿದ ಒಂದು ಕಾವಲನ್ನು ಎಲ್ಲ ಕಾರ್ಯಕ್ರಮಗಳಿಗೂ ಹಾಕಿದುದರಿಂದ ಕೆಲವು ಕೆಲಸಗಳ ವೇಗವು ಬಹಳವಾಗಿ ತಗ್ಗಿತು. ಟೋರ್ವಾಲ್ಡ್ಸನೇ ಆಕ್ಷೇಪಿಸಿದ ಮೇಲೆ, ಬೇಕಾದ ಕಾರ್ಯಕ್ರಮಗಳಿಗೆ ಮಾತ್ರ ಆ ಕಾವಲು ಇರುವಂತೆ ಬದಲಾಯಿಸಿದರು. ಇಂತಹ ತಪ್ಪನ್ನು ಹುಡುಕುವ ಬಗೆಯೂ ಸೊಗಸಾಗಿದೆ. ಹಳೆಯದಕ್ಕೂ ಹೊಸದಕ್ಕೂ ನಡುವೆ ಸಾವಿರ ತಿದ್ದುಪಡಿಗಳಿದ್ದರೆ ಸಾವಿರವನ್ನೂ ನೋಡಬೇಕಾಗಿಲ್ಲ. ಸರಿಯಾಗಿ ನಡುವಿನದನ್ನು ನಡೆಸಿ ನೋಡಿ, ಅದು ಚುರುಕಾಗಿದ್ದರೆ ತಪ್ಪು ಆಚೆಯ ಅರ್ಧದಲ್ಲಿದೆ, ಮಂದವಾಗಿದ್ದರೆ ಈಚೆಯ ಅರ್ಧದಲ್ಲಿದೆ ಎಂದು ತಿಳಿಯುತ್ತಾರೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಹತ್ತು ಪರೀಕ್ಷೆಗಳಲ್ಲಿ ಸಾವಿರದೊಳಗಿನ ಒಂದು ಸಿಕ್ಕುತ್ತದೆ.

ಆದುದರಿಂದ ಮಿತ್ರರೇ, ಯಂತ್ರವು ಮಂದವಾದಾಗ ಮೊದಲು ಮುಖ್ಯ ಕಡತಗಳಿಗೆ ಪ್ರತಿ ಮಾಡಿಕೊಳ್ಳಿರಿ. ಅನಂತರ ಹಳೆಯ ಕರ್ನಲಿನಲ್ಲಿ ಎಬ್ಬಿಸಿ ಹೋಲಿಸಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂಬುದು ಎಂದೂ ತಿಳಿಯದು. ಕಾರಣ ಸಿಕ್ಕಿದ ಮೇಲೆ ಹಳೆಯ ಕರ್ನಲಿನಲ್ಲಿಯೇ ನಿಂತುಬಿಡಬೇಡಿರಿ. ಅದು ಪರೀಕ್ಷೆಗೆ ತಂಗುದಾಣವೇ ಹೊರತು ಮನೆಯಲ್ಲ, ಅದರ ಕಳ್ಳಗಿಂಡಿಗಳು ತೆರೆದೇ ಇರುತ್ತವೆ.

ಅರ್ಜಿಗಳು ಕೊನೆಯ ದಿನಕ್ಕೆ ಮುಂಚೆಯೇ ಹೋದುವು. ಗ್ರಂಥಪಾಲಕರು ನನ್ನ ಮಿತ್ರನನ್ನು ಕರೆದು ಚಹಾ ಕೊಡಿಸಿದರು. ಆರನೆಯ ಯಂತ್ರಕ್ಕೂ ಹೊಸ ಕರ್ನಲ್ ಹಾಕುವಂತೆ ಅವರೇ ಹೇಳಿದರು.