ಮೆಣಸಿನಕಾಯಿ ಪೇಟೆಯಲ್ಲಿ ಸಿಕ್ಕ ಕಾಲಯಂತ್ರ

ಬ್ಯಾಡಗಿಯ ಆ ಟಿವಿ ರಿಪೇರಿ ಅಂಗಡಿಗೆ ಹೋದದ್ದು ನೆಂಟರ ಮನೆಯ ಅಟ್ಟದಿಂದ ಇಳಿಸಿದ ಹಳೇ ಡಯನೋರಾ ಸೆಟ್ ಹೊತ್ತುಕೊಂಡು. ಮೆಕ್ಯಾನಿಕ್ ಹಿಂದಿನ ಮುಚ್ಚಳ ಬಿಚ್ಚಿದ್ದೇ ತಡ, ಇಬ್ಬರಿಗೂ ಸೀನು. ಒಳಗೆಲ್ಲ ಕೆಂಪು ಪುಡಿ. ಪಿಕ್ಚರ್ ಟ್ಯೂಬಿಗೆ ದಪ್ಪ ವೈರು ಕೂಡುವ ರಬ್ಬರ್ ಟೋಪಿಯ ಸುತ್ತ ಅದು ಅಂಗೈಯಗಲ ಅಂಟಿ ಕೂತಿತ್ತು. ಬ್ರಷ್ಷಿನಿಂದ ಮೆಲ್ಲಗೆ ಕೆರೆಯುತ್ತ ಅವರೆಂದರು: ‘ಸಾವಿರಗಟ್ಟಲೆ ವೋಲ್ಟ್ ಇರ್ತೈತ್ರಿ ಇಲ್ಲಿ, ಧೂಳ ಎಳಕೊಂತೈತಿ. ಬ್ಯಾರೆ ಊರಾಗ ಕರೇ ಧೂಳ, ನಮ್ಮಲ್ಲಿ ಮೆಣಸಿನಕಾಯಿ.’

ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ಕೇಳಿದೆ. ಯಾವುದೋ ಐಟಿಐ, ಯಾರೋ ಸೋದರಮಾವ ಎಂಬ ಉತ್ತರ ಬರಬಹುದೆಂದುಕೊಂಡಿದ್ದೆ. ‘ಇಂದ್ರಧನುಷ್ ನೋಡಿರಿ’ ಎಂದರು. ಮೂವತ್ತು ವರ್ಷಕ್ಕೂ ಹಿಂದಿನ ಧಾರಾವಾಹಿಯ ಹೆಸರು ಬ್ಯಾಡಗಿಯ ಒಂದು ಗಲ್ಲಿಯಲ್ಲಿ ಹಾಗೆ ಕೇಳಿಬಂದಾಗ ಆದ ಖುಷಿ ಇನ್ನೂ ಇಳಿದಿಲ್ಲ.

1989ರಲ್ಲಿ ದೂರದರ್ಶನದಲ್ಲಿ ಬಂದ, ಆನಂದ್ ಮಹೇಂದ್ರೂ ನಿರ್ದೇಶನದ ‘ಇಂದ್ರಧನುಷ್’ ನೆನಪಿರುವವರಿಗೆ ಕಥೆ ಹೇಳಬೇಕಿಲ್ಲ. ಹುಡುಗರ ಗುಂಪೊಂದು ಬಿಡಿಭಾಗ ಕೂಡಿಸಿ ಕಂಪ್ಯೂಟರ್ ಕಟ್ಟುತ್ತದೆ, ಅದೇ ಕಾಲಯಂತ್ರವಾಗುತ್ತದೆ. ಆ ಗುಂಪಿನಲ್ಲಿ ಮುಂದೆ ಬಾಲಿವುಡ್ಡಿನ ದೊಡ್ಡ ನಿರ್ದೇಶಕನಾದ ಕರಣ್ ಜೋಹರ್ ಕೂಡ ಇದ್ದ. ಆಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. 1975–76ರ ಸೈಟ್ ಪ್ರಯೋಗದಲ್ಲಿ ಉಪಗ್ರಹದ ಮೂಲಕ ಗುಲ್ಬರ್ಗ, ಬಿಜಾಪುರ, ರಾಯಚೂರಿನ ಹಳ್ಳಿಗಳು ಟಿವಿ ನೋಡಿದ್ದವು. ಹಾವೇರಿ, ರಾಣೆಬೆನ್ನೂರು ಕಡೆಯವರ ಪಾಲಿಗೆ ಟಿವಿ ಎಂದರೆ ಎಂಬತ್ತರ ದಶಕವೇ.

‘ಹಿಂದಿ ಯಾರಿಗೆ ಬರ್ತಿತ್ರಿ ಆಗ? ಓಣ್ಯಾಗ ಒಬ್ರು ಮಾಸ್ತರ ಇದ್ರು, ನಡನಡುವ ಹೇಳ್ತಿದ್ರು. ಆದ್ರ ಆ ಹುಡುಗ್ರು ತಾವ ಜೋಡಿಸಿದ್ರಲ್ರಿ, ಅದು ತಿಳೀತು.’ ಆ ವಾರವೇ ಮನೆಯ ಟ್ರಾನ್ಸಿಸ್ಟರ್ ಬಿಚ್ಚಿ ಅಪ್ಪನಿಂದ ಏಟು ತಿಂದರಂತೆ.

ತಾವೇ ಜೋಡಿಸಿದರು ಎಂಬ ಮಾತಿನಲ್ಲೇ ಧಾರಾವಾಹಿಯ ಇಡೀ ಬಲವಿದೆ ಎಂದು ನನ್ನ ನಂಬಿಕೆ. ಭಾನುವಾರ ಬೆಳಿಗ್ಗೆ ದೂರದರ್ಶನ ತೋರಿಸುತ್ತಿದ್ದ ಅಮೆರಿಕದ ‘ಸ್ಟಾರ್ ಟ್ರೆಕ್’ ನನಗೂ ಇಷ್ಟ. ಪ್ರತಿ ಗ್ರಹದಲ್ಲೂ ಹಡಗು ಇಳಿಸಿ ತೋರಿಸಲು ದುಡ್ಡು ಸಾಲದೆ, ಮನುಷ್ಯರನ್ನೇ ಬೆಳಕಿನ ಚುಕ್ಕಿಗಳಾಗಿ ಕರಗಿಸಿ ಇಳಿಸುವ ಉಪಾಯ ಹೂಡಿದರಲ್ಲ, ಆ ಜಾಣತನಕ್ಕೆ ಶರಣು. ಆದರೆ ಅಲ್ಲಿ ಹಡಗು ಮೊದಲೇ ಸಿದ್ಧ, ಕ್ಯಾಪ್ಟನ್ನೂ ಸಿದ್ಧ. 1998ರಲ್ಲಿ ಕೇತನ್ ಮೆಹ್ತಾ ಮಾಡಿದ ‘ಕ್ಯಾಪ್ಟನ್ ವ್ಯೋಮ್’ನಲ್ಲೂ ಅಷ್ಟೆ. 2123ನೇ ಇಸವಿ, ಮಿಲಿಂದ್ ಸೋಮನ್, ಹೊಳೆಯುವ ಉಡುಪು. ನೋಡಿ ಬೆರಗಾಗಬಹುದು, ನಮ್ಮ ಪಡಸಾಲೆಯಲ್ಲಿ ಕೂತು ಮಾಡಲಾಗದು.

ಇನ್ನು ನನ್ನನ್ನು ಬಿಡದೆ ಕಾಡುವ ಸಂಗತಿ. ‘ಇಂದ್ರಧನುಷ್’ನ ಹುಡುಗರಾದ ಅಪ್ಪು ಮತ್ತು ಬಾಲಾ ಅವರ ತಂದೆಯ ಪಾತ್ರ ಮಾಡಿದವರು ಗಿರೀಶ ಕಾರ್ನಾಡ. ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಪ್ಪನಾಗಿ ಅವರನ್ನು ನೆನೆಯುವ ನಾವು ಈ ಅಪ್ಪನನ್ನು ಮರೆತೇಬಿಟ್ಟಿದ್ದೇವೆ. ಹೊಟ್ಟೆಪಾಡಿನ ಸಣ್ಣ ಪಾತ್ರ ಎಂದು ತಳ್ಳಿಹಾಕುವವರ ಮಾತು ನಾನು ಒಪ್ಪುವುದಿಲ್ಲ. ಕಾರ್ನಾಡರು 1958ರಲ್ಲಿ ಧಾರವಾಡದಲ್ಲಿ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಆಮೇಲೆ ದೂರದರ್ಶನದ ವಿಜ್ಞಾನ ಕಾರ್ಯಕ್ರಮ ‘ಟರ್ನಿಂಗ್ ಪಾಯಿಂಟ್’ ನಡೆಸಿಕೊಟ್ಟರು. ‘ಹಯವದನ’ವನ್ನೇ ನೋಡಿ: ಒಬ್ಬನ ತಲೆ ಇನ್ನೊಬ್ಬನ ಮೈಗೆ ಕೂತರೆ ಗಂಡ ಯಾರು? ಬೇತಾಳನ ಕಥೆಯಿಂದ ಬಂದದ್ದಾದರೂ ಅದು ವೈಜ್ಞಾನಿಕ ಕಥೆಗಾರ ಕೇಳುವ ಪ್ರಶ್ನೆಯೇ. 2005ರಲ್ಲಿ ರಂಗಕ್ಕೆ ಬಂದ ‘ಒಡಕಲು ಬಿಂಬ’ದಲ್ಲಂತೂ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಹೊರಟ ಲೇಖಕಿಯನ್ನು ಟಿವಿ ಪರದೆಯಲ್ಲಿರುವ ಅವಳದೇ ಬಿಂಬ ತಡೆದು ನಿಲ್ಲಿಸಿ ಪ್ರಶ್ನೆ ಹಾಕುತ್ತದೆ. ಆ ನಾಟಕವನ್ನು ಕುಟುಂಬದ ದುರಂತವೆಂದಷ್ಟೇ ಓದುವವರು ಒಮ್ಮೆ ಆ ಪರದೆಯ ಕಡೆಗೂ ಗಮನ ಕೊಡಲಿ. ಯಂತ್ರವೊಂದು ಎದ್ದು ಮಾತಾಡುವುದನ್ನು ಮನೆಯೊಳಗೇ ತಂದು ಕೂರಿಸಿದವರು ಅವರು. ಮಕ್ಕಳ ಕಾಲಯಂತ್ರದ ಮನೆಗೆ ಅಪ್ಪನಾಗಲು ಅವರಿಗಿಂತ ತಕ್ಕವರು ಯಾರಿದ್ದರು?

ಮೆಕ್ಯಾನಿಕ್‌ಗೆ ಕಾರ್ನಾಡರ ವಿಷಯದಲ್ಲಿ ಅಷ್ಟು ಆಸಕ್ತಿ ಬರಲಿಲ್ಲ. ಅವರ ಮನಸ್ಸು ಯಂತ್ರದ ಮೇಲೆ. ಸಣ್ಣವರಿದ್ದಾಗ ಗೆಳೆಯರೆಲ್ಲ ಕೂಡಿ ‘ನಮ್ಮ ಕಡೆ ಅದು ಸಿಕ್ರ ಎಲ್ಲಿಗೆ ಹೋಗೂದು’ ಎಂದು ವಾದ ಮಾಡುತ್ತಿದ್ದರಂತೆ. ತೀರ್ಮಾನ: ಹೊಸರಿತ್ತಿಗೆ, 1943ರ ಏಪ್ರಿಲ್ 1ಕ್ಕೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ಹದಿನೆಂಟರ ಹರೆಯದಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದ ಕನ್ನಡಿಗ, ಆ ದಿನ ಹೊಸರಿತ್ತಿಯಲ್ಲಿ ಕಂದಾಯದ ಖಜಾನೆಗೆ ನುಗ್ಗಿ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಹಾವೇರಿ ರೈಲು ನಿಲ್ದಾಣಕ್ಕೆ ಈಗ ಮಹಾದೇವಪ್ಪನವರದೇ ಹೆಸರು. ‘ಒಂದ ತಾಸು ಮೊದ್ಲ ಹೋಗಿ, ಹಿಂದ ಪೊಲೀಸ್ರು ಅದಾರ ಅಂತ ಹೇಳಿ ಬರೂದು, ಅಷ್ಟ’ ಎಂದರು. ಬೇರೆಯವರು ಬಾಹ್ಯಾಕಾಶಕ್ಕೆ ಹೊರಟಿದ್ದಾಗ ಇಲ್ಲಿನ ಹುಡುಗರು ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆಯ ಹಳ್ಳಿಗೆ ಹೊರಟಿದ್ದರು. ಧಾರಾವಾಹಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಸಿಕ್ಕೀತೇ?

ಡಯನೋರಾಕ್ಕೆ ಜೀವ ಬಂತು, ಬರೀ ಬಿಳಿ ಚುಕ್ಕಿಗಳು. ಹಿಡಿಯಲು ಅದಕ್ಕೆ ಒಗ್ಗುವ ಪ್ರಸಾರವೇ ಈಗಿಲ್ಲ.

ದೂರದರ್ಶನ 2020ರ ಲಾಕ್‌ಡೌನಿನಲ್ಲಿ ‘ರಾಮಾಯಣ’, ‘ಮಹಾಭಾರತ’, ‘ಶಕ್ತಿಮಾನ್’ಗಳನ್ನು ಮತ್ತೆ ತೋರಿಸಿತು, ಜನ ಮುಗಿಬಿದ್ದು ನೋಡಿದರು. ‘ಇಂದ್ರಧನುಷ್’ಗೂ ಆ ಭಾಗ್ಯ ಸಿಗಲಿ. ಕನ್ನಡದ ದನಿ ಕೊಟ್ಟು, ಬೇಸಿಗೆ ರಜೆಯ ಭಾನುವಾರಗಳಲ್ಲಿ ಚಂದನ ವಾಹಿನಿ ಅದನ್ನು ಪ್ರಸಾರ ಮಾಡಲಿ. ಈ ಸಲ ಹಾವೇರಿಯ ಮಕ್ಕಳಿಗೆ ಅನುವಾದಕ್ಕೆ ಓಣಿಯ ಮಾಸ್ತರರು ಬೇಕಾಗದಿರಲಿ.